ಹಳೇ ಕಾರು ಐದು, ದುರ್ಗದ ಏರು ಒಂದು: ನನ್ನ ಅನುಭವ

ಈ ಸಲದ ರಾಜ್ಯೋತ್ಸವಕ್ಕೆ ಐದು ಹಳೇ ಕಾರು ದೇವರಾಯನದುರ್ಗ ಬೆಟ್ಟ ಹತ್ತಿದವು. ಐದೂ ತಮ್ಮ ಚಕ್ರದ ಮೇಲೇ ತುಮಕೂರಿಗೆ ವಾಪಸ್ ಬಂದವು. 'ಟೋಯಿಂಗ್ ಗಾಡಿಗೆ ಈಗಲೇ ಹೇಳಿಟ್ಟಿರಿ' ಅಂದಿದ್ದವರು ಈಗ 'ಮುಂದಿನ ಸಲ ನಮ್ಮನ್ನೂ ಕರೀರಿ' ಅಂತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಟಾಗ ಒಂಬತ್ತೂವರೆ ಆಗಿತ್ತು. ಹಬ್ಬದ ಹುರುಪಿಗೆ ನನ್ನ ಪದ್ಮಿನಿ ಕಾರಿನ ಗ್ರಿಲ್ಲಿಗೆ ಅಡ್ಡಲಾಗಿ ಅರಿಶಿನ-ಕುಂಕುಮ ಬಣ್ಣದ ಬ್ಯಾನರ್ ಬಿಗಿದಿದ್ದೆ. ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರಬೇಕು? ಏರಿನ ಅರ್ಧಕ್ಕೇ ನೀರು ಕುದಿಯಿತು. ಹಿಂದಿದ್ದ ಅಂಬಾಸಿಡರ್ ನನ್ನಿಂದಾಗಿ ಏರಲ್ಲೇ ನಿಂತು ಅದೂ ಬಿಸಿಯಾಯಿತು. ರಜೆ ದಿನದ ರೇಟು ಅಂತ ಟೋಯಿಂಗಿಗೆ ಆರೂವರೆ ಸಾವಿರದ ಹತ್ತಿರ ಕೊಟ್ಟೆ. ಆಮೇಲೆ ರೇಡಿಯೇಟರ್ ಬಿಚ್ಚಿಸಿದರೆ, ವರ್ಷಗಟ್ಟಲೆ ಹಾಕಿದ್ದ ಬೋರ್‌ವೆಲ್ ನೀರಿನ ಸುಣ್ಣ ಒಳಗೆ ಗಟ್ಟಿಯಾಗಿ ಕೂತಿತ್ತು. ರಾಡ್ ಹಾಕಿಸಿದ್ದಕ್ಕೆ, ಅಂದರೆ ಒಳಗಿನ ನಳಿಗೆಗಳಿಗೆ ಸರಳು ತೂರಿಸಿ ಸುಣ್ಣ ತೆಗೆಸಿದ್ದಕ್ಕೆ, ಇನ್ನೊಂದು 1,800.

ಎರಡನೇ ವರ್ಷ ನೀರು ಕುದಿಯಲಿಲ್ಲ, ಪೆಟ್ರೋಲ್ ಕುದಿಯಿತು. ಮೇಲೆ ಮುಟ್ಟಿದ ತಕ್ಷಣ ಎಲ್ಲರೂ ಇಂಜಿನ್ ಆಫ್ ಮಾಡಿ ದೇವಸ್ಥಾನಕ್ಕೆ ಹೋದೆವು. ಬಂದು ಕೀಲಿ ತಿರುಗಿಸಿದರೆ ಮೂರು ಗಾಡಿ ಸ್ಟಾರ್ಟೇ ಆಗಲಿಲ್ಲ, ವೇಪರ್ ಲಾಕ್. ಅಂದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಇಂಜಿನ್ನಿಗೆ ಹೋಗುವುದೇ ಇಲ್ಲ. ನಿಂತ ಇಂಜಿನ್ನಿನ ಕಾವೆಲ್ಲ ಪೆಟ್ರೋಲ್ ಎಳೆಯುವ ಪಂಪಿಗೆ ಏರಿತ್ತು. ಅದಾದ ಮೇಲೆ 2,400 ಕೊಟ್ಟು ಎಲೆಕ್ಟ್ರಿಕ್ ಪಂಪ್ ಹಾಕಿದೆ. ರಾತ್ರಿ ಹೆಡ್‌ಲೈಟ್ ಜೊತೆ ಅದನ್ನೂ ಎಳೆಯಲು ಡೈನಮೋಗೆ ಶಕ್ತಿ ಸಾಲದೆ ಬ್ಯಾಟರಿ ಇಳಿಯಿತು. ಬಿಚ್ಚಿ ಶೆಡ್ಡಿಗೆ ಎಸೆದೆ, ಹಳೇ ಪಂಪಿಗೇ ಮರಳಿದೆ. ಡಯಾಫ್ರಾಮ್ (ಪಂಪಿನೊಳಗಿನ ಪೊರೆ) ಮತ್ತು ಪೈಪ್ ಮಾತ್ರ ಎಥನಾಲ್ ತಡೆಯುವಂಥವು ಹಾಕಿ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೇ ರಬ್ಬರ್ ಊದಿಕೊಳ್ಳುತ್ತದೆ.

ಈ ಸಲ ಬೆಳಿಗ್ಗೆ ಐದೂಮುಕ್ಕಾಲಿಗೇ ಗಾಡಿ ಬಿಟ್ಟೆವು. ಎಲ್ಲರಿಗಿಂತ ನಿಧಾನದ್ದೇ ಮುಂದೆ, ಅಂದರೆ ಸ್ಟ್ಯಾಂಡರ್ಡ್ ಹೆರಾಲ್ಡ್. ಇದಕ್ಕೆ ಒಬ್ಬರೂ ಒಪ್ಪಿರಲಿಲ್ಲ. ನಿಧಾನದ್ದು ಹಿಂದಿದ್ದರೆ ಮುಂದಿನವರನ್ನು ಹಿಡಿಯಲು ಇಂಜಿನ್ ಒತ್ತುತ್ತಾರೆ, ಅಲ್ಲೇ ಕೆಡುವುದು. ಅದರ ಹಿಂದೆ ನನ್ನ ಪದ್ಮಿನಿ, ಅಂಬಾಸಿಡರ್, ಮೊದಲ ತಲೆಮಾರಿನ ಮಾರುತಿ 800. ಹಗ್ಗ, ನೀರಿನ ಕ್ಯಾನು, ಸಾಮಾನು ಹೊತ್ತ ಜೀಪು ಕೊನೆಗೆ. ಬೆಟ್ಟದ ಬುಡದ ನಾಮದ ಚಿಲುಮೆಯಲ್ಲಿ ಕಾಲು ಗಂಟೆ ಬಾನೆಟ್ ಎತ್ತಿ ನಿಂತೆವು. ಅಲ್ಲಿಂದ ಏರಿಗೆ ಒಟ್ಟಿಗೆ ಹೋಗಲೇ ಇಲ್ಲ. ಮೂರು ನಿಮಿಷಕ್ಕೊಂದು ಗಾಡಿ ಬಿಟ್ಟೆ, ಯಾರೂ ಯಾರ ಹಿಂದೆಯೂ ಏರಲ್ಲಿ ನಿಲ್ಲಬಾರದು ಅಂತ. ಎರಡನೇ ಗೇರು, ಆಕ್ಸಿಲರೇಟರ್ ಒಂದೇ ಸಮ. ಬೆಲ್ಟಿನ ಫ್ಯಾನು ಇಂಜಿನ್ ತಿರುಗಿದಷ್ಟೇ ತಿರುಗುತ್ತದೆ, ಟಾಪ್ ಗೇರಲ್ಲಿ ಎಳೆದಾಡಿಸಿದರೆ ಗಾಳಿ ಸಾಲದು. ಮೇಲೆ ಮುಟ್ಟಿದ ಮೇಲೆ ಎರಡು ಮೂರು ನಿಮಿಷ ನಿಂತಲ್ಲೇ ಇಂಜಿನ್ ಓಡಲು ಬಿಟ್ಟು, ಬಾನೆಟ್ ತೆಗೆದು ಆಮೇಲೆ ಆಫ್. ಇಳಿಯುವಾಗಲೂ ಎರಡನೇ ಗೇರೇ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ ಬ್ರೇಕನ್ನೇ ನಂಬಿ ಇಳಿಯಬೇಡಿ.

ಪೆಟ್ರೋಲ್ ಕುದಿಯದಿರಲು ಅದರ ಪೈಪಿಗೆ ಬಟ್ಟೆ ಒಣಗಿಸುವ ಮರದ ಕ್ಲಿಪ್ಪು ಸಿಕ್ಕಿಸಿ ಅಂತ ಒಬ್ಬರು ಹೇಳಿದ್ದರು. ಎಂಟು ಸಿಕ್ಕಿಸಿ ನೋಡಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಪೈಪಿಗೆ ಸುತ್ತಿದ ಒದ್ದೆ ಬಟ್ಟೆ ನಾಲ್ಕು ಕಿಲೋಮೀಟರಿಗೆಲ್ಲ ಒಣಗಿತು. ತೋಟದಿಂದ ತಂದ ಹಸಿ ಬಾಳೆಪಟ್ಟೆ ಸುತ್ತಿ ಸೆಣಬಿನ ದಾರ ಕಟ್ಟಿದೆ ನೋಡಿ, ಮೇಲೆ ಮುಟ್ಟಿದಾಗಲೂ ತಣ್ಣಗಿತ್ತು! ಸೈಲೆನ್ಸರ್ ಪೈಪಿಗೆ ಮಾತ್ರ ತಾಗಿಸಬೇಡಿ. ಪಂಪಿಗೂ ಇಂಜಿನ್ ಬ್ಲಾಕಿಗೂ ನಡುವೆ ನಾನು ಏನು ಕೂರಿಸಿದ್ದೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮೇಸ್ತ್ರಿಗೆ ಮಾತು ಕೊಟ್ಟಿದ್ದೇನೆ.

ಖರ್ಚಿಗೆ ಗಾಡಿಗೆ ಆರುನೂರರಂತೆ ಹಾಕಿದ್ದೆವು. ತಿಂಡಿ, ಕಾಫಿ, ಪಾರ್ಕಿಂಗ್ ಕಳೆದು ಮುನ್ನೂರು ಚಿಲ್ಲರೆ ಉಳಿಯಿತು. ನನ್ನ ಪದ್ಮಿನಿ ಏರೂ ಸೇರಿ ಲೀಟರಿಗೆ ಹನ್ನೊಂದರ ಹತ್ತಿರ ಕೊಟ್ಟಿತು. ಶಿಂಷಾ, ಜಯಮಂಗಲಿ ಎರಡೂ ಹುಟ್ಟುವ ಆ ಬೆಟ್ಟದ ಮೇಲೆ, ಮಂಜು ಕರಗುವ ಮೊದಲು ಐದೂ ಗಾಡಿ ಸಾಲಾಗಿ ನಿಂತಿದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ಬ್ಯಾನರ್ ಈ ಸಲ ಜೀಪಿನ ಹಿಂದುಗಡೆ ಇತ್ತು.

ಬರುವ ವರ್ಷ ಕೊರಟಗೆರೆ ಮೇಲೆ ಮಧುಗಿರಿಗೆ ಹೋಗುವುದು ಅಂತಾಗಿದೆ. ಅಷ್ಟರಲ್ಲಿ ಹೆರಾಲ್ಡಿಗೆ ವಾಟರ್ ಪಂಪಿನ ಸೀಲ್ ಬೇಕು. ಯಾರ ಶೆಡ್ಡಿನಲ್ಲಾದರೂ ಬಿದ್ದಿದ್ದರೆ ತಿಳಿಸಿ, ನಾನೇ ಬಂದು ಒಯ್ಯುತ್ತೇನೆ.