ಯೆರವಡಾದಿಂದ ಮರಳಿದ ತಮ್ಮ ಮತ್ತು ಅಕ್ಕನ ಫ್ಲ್ಯಾಟ್: ನನ್ನ ಅನುಭವ

ಪುಣೆಯ ಕೊಳೆಗೇರಿ ಪುನರ್ವಸತಿ ಕಟ್ಟಡವೊಂದರಲ್ಲಿ ವಾಸವಾಗಿರುವ ಕಲಬುರಗಿ ಮೂಲದ ಕುಟುಂಬಕ್ಕೆ, ಯೆರವಡಾ ಕೇಂದ್ರ ಕಾರಾಗೃಹದಿಂದ ಶಿಕ್ಷೆ ಮುಗಿಸಿ ಬಂದ ತಮ್ಮನನ್ನು ಮನೆಯಲ್ಲಿರಿಸಿಕೊಳ್ಳುವುದೇ ಸಮಸ್ಯೆಯಾಗಿತ್ತು. ಆತನನ್ನು ಬಾಡಿಗೆದಾರನೆಂದು ಪರಿಗಣಿಸಿದ ಕಟ್ಟಡದ ಸೊಸೈಟಿಯ (ನಿವಾಸಿಗಳ ಸಹಕಾರ ಸಂಘದ) ಸಮಿತಿಯು ಕರಾರುಪತ್ರ ಹಾಗೂ ಪೊಲೀಸ್ ಪರಿಶೀಲನೆಯ ದಾಖಲೆಯನ್ನು ಕೇಳಿತು. ಮಹಾರಾಷ್ಟ್ರದ ಗೃಹನಿರ್ಮಾಣ ಸಹಕಾರ ಸಂಘಗಳ ಮಾದರಿ ಉಪವಿಧಿಗಳಲ್ಲಿ ‘ಕುಟುಂಬ’ ಎಂಬುದರ ವ್ಯಾಖ್ಯೆಯೊಳಗೆ ತಂದೆತಾಯಿ, ಮಕ್ಕಳ ಜೊತೆಗೆ ಸಹೋದರ ಸಹೋದರಿಯರೂ ಸೇರಿದ್ದಾರೆ. ಆ ಪುಟದ ಮರಾಠಿ ಪ್ರತಿಯನ್ನು ಅಕ್ಕನ ಸಹಿಯುಳ್ಳ ಪತ್ರಕ್ಕೆ ಲಗತ್ತಿಸಿ ಕೊಟ್ಟು, ಸ್ವೀಕೃತಿಯ ಮುದ್ರೆ ಪಡೆದ ಮೇಲೆ ಆಕ್ಷೇಪ ನಿಂತಿತು. ಬಾಯಿಮಾತಿನ ವಾದಕ್ಕಿಂತ ಮುದ್ರೆ ಬಿದ್ದ ಕಾಗದಕ್ಕೇ ಇಲ್ಲಿ ಬೆಲೆ ಹೆಚ್ಚು.

ನಿಜವಾದ ತೊಡಕಿದ್ದುದು ವಿಳಾಸದಲ್ಲಿ. ಆತನ ಆಧಾರ್‌ನಲ್ಲಿದ್ದ ಹಳೆಯ ಗುಡಿಸಲು ಈಗಿಲ್ಲ, ಹೊಸ ಮನೆಯ ಯಾವ ದಾಖಲೆಯೂ ಆತನ ಹೆಸರಿನಲ್ಲಿಲ್ಲ. ಇಂಥವರಿಗಾಗಿಯೇ ಎಂಬಂತೆ, ಕುಟುಂಬದ ಮುಖ್ಯಸ್ಥರ ಒಪ್ಪಿಗೆಯಿಂದ ವಿಳಾಸ ಬದಲಿಸುವ ಆನ್‌ಲೈನ್ ಸೌಲಭ್ಯವನ್ನು ಆಧಾರ್ ಪ್ರಾಧಿಕಾರವು 2023ರಲ್ಲಿ ಆರಂಭಿಸಿದೆ: ಅರ್ಜಿದಾರನು ಮುಖ್ಯಸ್ಥರ ಆಧಾರ್ ಸಂಖ್ಯೆಯನ್ನು ನಮೂದಿಸಿ ಸಂಬಂಧದ ದಾಖಲೆಯನ್ನು ಸಲ್ಲಿಸಬೇಕು, ಅದಿಲ್ಲದಿದ್ದರೆ ಮುಖ್ಯಸ್ಥರ ಸ್ವಯಂಘೋಷಣೆ ಸಾಕು, ಅವರು 30 ದಿನಗಳೊಳಗೆ ಒಪ್ಪಿಗೆ ನೀಡಬೇಕು. ಇಲ್ಲಿ ಮುಖ್ಯಸ್ಥೆಯಾದ ಅಕ್ಕನ ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರುವುದನ್ನು ಮೊದಲೇ ನೋಡಿಕೊಂಡಿದ್ದೆವು.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿದ್ದ ತಮ್ಮನ ಬ್ಯಾಂಕ್ ಖಾತೆಯನ್ನು ಹೊಸ ವಿಳಾಸದ ಕೆವೈಸಿಯೊಂದಿಗೆ ಶುಲ್ಕವಿಲ್ಲದೆ ಚಾಲನೆಗೊಳಿಸಲಾಯಿತು. ಕೂಲಿ ಈಗ ನೇರವಾಗಿ ಆ ಖಾತೆಗೇ ಜಮೆಯಾಗುತ್ತಿದೆ. ಪಡಿತರ ಚೀಟಿಗೆ ಹೆಸರು ಸೇರಿಸುವ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.