ಒಂದು ಬಕೆಟ್ ಬಿಸಿನೀರಿನ ಲೆಕ್ಕ: ಮನೆಗೆ ಹೊಂದುವ ನೀರು ಕಾಯಿಸುವ ವ್ಯವಸ್ಥೆಯ ಆಯ್ಕೆ ಮತ್ತು ಬಳಕೆ

ಕರ್ನಾಟಕದ ಮನೆಗಳಲ್ಲಿ ಕೊಠಡಿಯನ್ನು ಬೆಚ್ಚಗಿಡುವ ಯಂತ್ರಕ್ಕೆ ಹೆಚ್ಚು ಕೆಲಸವಿಲ್ಲ. ಮಡಿಕೇರಿಯ ಮಳೆಗಾಲದಲ್ಲಿಯೂ ಬೀದರಿನ ಡಿಸೆಂಬರ್ ರಾತ್ರಿಗಳಲ್ಲಿಯೂ ಕಂಬಳಿಯೊಂದಿದ್ದರೆ ಬಹುಮಟ್ಟಿಗೆ ಸಾಕಾಗುತ್ತದೆ. ನಮ್ಮ ಮನೆಗಳಲ್ಲಿ ಅಡುಗೆಯನ್ನು ಬಿಟ್ಟರೆ ಶಾಖಕ್ಕಾಗಿ ಖರ್ಚಾಗುವ ಇಂಧನವೆಲ್ಲ ಬಚ್ಚಲುಮನೆಯಲ್ಲಿ, ಸ್ನಾನದ ನೀರಿಗೆ ಖರ್ಚಾಗುತ್ತದೆ. ಆದ್ದರಿಂದ ಯಾವ ಉಪಕರಣವನ್ನು ಕೊಳ್ಳಬೇಕೆಂದು ಅಂಗಡಿಯವರನ್ನು ಕೇಳುವ ಮೊದಲು ಒಂದು ಬಕೆಟ್ ಬಿಸಿನೀರಿಗೆ ನಿಜವಾಗಿ ಎಷ್ಟು ಶಾಖ ಬೇಕೆಂಬುದನ್ನು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಲೆಕ್ಕ ಸುಲಭವಾಗಿದೆ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಬೇಕು. 860 ಕಿಲೋಕ್ಯಾಲರಿ ಸೇರಿದರೆ ಒಂದು ಯೂನಿಟ್ ವಿದ್ಯುತ್ತಿಗೆ ಸಮ. ಟ್ಯಾಂಕಿನ ನೀರು 22 ಡಿಗ್ರಿ ಇದ್ದು, 18 ಲೀಟರಿನ ಬಕೆಟ್ಟನ್ನು ಹದವಾದ 42 ಡಿಗ್ರಿಗೆ ತರಬೇಕಾದರೆ 360 ಕಿಲೋಕ್ಯಾಲರಿ, ಅಂದರೆ ಸುಮಾರು 0.42 ಯೂನಿಟ್ ಬೇಕಾಗುತ್ತದೆ. ನಾಲ್ಕು ಜನರ ಮನೆಗೆ ಇದು ತಿಂಗಳಿಗೆ ಸುಮಾರು 50 ಯೂನಿಟ್ ಆಗುತ್ತದೆ. ಷವರಿನ ಕೆಳಗೆ ನಿಂತು ನಿಮಿಷಕ್ಕೆ 8 ಲೀಟರಿನಂತೆ ಹತ್ತು ನಿಮಿಷ ಸ್ನಾನ ಮಾಡುವವರು ನಾಲ್ಕು ಬಕೆಟ್ಟಿಗೂ ಹೆಚ್ಚು ನೀರನ್ನು ಒಬ್ಬರೇ ಬಳಸಿರುತ್ತಾರೆ, ಹಾಗಾಗಿ ಯಾವ ಉಪಕರಣವನ್ನು ತಂದರೂ ಅವರ ಲೆಕ್ಕ ಬೇರೆಯೇ. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುವುದರಿಂದ, ಗಡಿಯ ಹತ್ತಿರವಿರುವ ಮನೆಗಳಿಗೆ ಈ 50 ಯೂನಿಟ್ಟಿನ ಹಿಂದುಮುಂದು ದೊಡ್ಡ ವಿಷಯ.

ಸ್ವಂತ ತಾರಸಿ ಇದ್ದು ಅದರ ಮೇಲೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುವುದಾದರೆ ಮೊದಲ ಆಯ್ಕೆ ಸೋಲಾರ್. ನಾಲ್ಕೈದು ಜನರಿಗೆ 100 ಲೀಟರಿನ ವ್ಯವಸ್ಥೆ ಸಾಕು. ಬಿಸಿಲಿರುವ ದಿನ ಅದರ ನೀರು 60 ಡಿಗ್ರಿಯ ಆಸುಪಾಸಿಗೆ ಬರುತ್ತದೆ, ಅರ್ಧಕ್ಕರ್ಧ ತಣ್ಣೀರು ಬೆರೆಸಿದರೆ ಎಂಟು ಹತ್ತು ಬಕೆಟ್ ಹದವಾದ ನೀರು ಸಿಗುತ್ತದೆ. ನೀರು ತುಂಬುವ ಹಬ್ಬದ ಮರುದಿನ ಬೆಳಗ್ಗೆ ಮನೆತುಂಬ ನೆಂಟರು ಎಣ್ಣೆ ಹಚ್ಚಿಕೊಂಡು ಸಾಲುಗಟ್ಟುತ್ತಾರೆಂದು 200 ಲೀಟರಿನದನ್ನು ತರುವವರಿದ್ದಾರೆ; ವರ್ಷಕ್ಕೆ ಒಂದು ದಿನದ ಅಭ್ಯಂಜನಕ್ಕಾಗಿ ಉಳಿದ ದಿನವೆಲ್ಲ ಅಷ್ಟು ದೊಡ್ಡ ಟ್ಯಾಂಕನ್ನು ಕಾಯಿಸಿಡುವುದರಲ್ಲಿ ಅರ್ಥವಿಲ್ಲ.

ಸೋಲಾರಿನಲ್ಲಿ ತಾಮ್ರದ ಕೊಳವೆಗಳಿರುವ ಚಪ್ಪಟೆ ಫಲಕದ್ದು ಮತ್ತು ಗಾಜಿನ ಕೊಳವೆಗಳದ್ದು ಎಂದು ಎರಡು ಬಗೆ. ಇವುಗಳಲ್ಲಿ ಯಾವುದು ಎಂಬುದನ್ನು ಬೆಲೆಗಿಂತ ಮೊದಲು ನಿಮ್ಮ ನೀರು ತೀರ್ಮಾನಿಸಬೇಕು. ಬೋರ್‌ವೆಲ್ಲಿನ ಗಡಸು ನೀರನ್ನು ನೇರವಾಗಿ ಬಿಟ್ಟರೆ ಫಲಕದ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿಕೊಂಡು ಕೆಲವೇ ವರ್ಷಗಳಲ್ಲಿ ನೀರು ಹರಿಯುವುದು ನಿಲ್ಲುತ್ತದೆ. ಅಂತಹ ಕಡೆ ಅಗಲವಾದ ಗಾಜಿನ ಕೊಳವೆಯದ್ದನ್ನು ಕೊಳ್ಳಬೇಕು, ಇಲ್ಲವೇ ಶಾಖ ವಿನಿಮಯಕ (ಫಲಕದೊಳಗೆ ಬೇರೆ ದ್ರವ ಸುತ್ತುತ್ತ, ಬಳಸುವ ನೀರಿಗೆ ಶಾಖವನ್ನು ಮಾತ್ರ ದಾಟಿಸುವ ಏರ್ಪಾಡು) ಇರುವ ಫಲಕವನ್ನೇ ಕೇಳಬೇಕು. ನದಿ ನೀರಿನ ಸಂಪರ್ಕವಿರುವವರಿಗೂ ಮೆದು ನೀರಿನ ಬಾವಿ ಇರುವವರಿಗೂ ಫಲಕವೇ ಬಾಳಿಕೆಯ ವಸ್ತು. ಗಾಜಿನ ಕೊಳವೆಗಳಲ್ಲಿ ಒಂದು ಒಡೆದರೂ ಟ್ಯಾಂಕಿನ ನೀರೆಲ್ಲ ಸೋರಿಹೋಗುತ್ತದೆ ಎಂಬುದನ್ನು ಮಂಗಗಳ ಕಾಟವಿರುವ ಊರಿನವರು ನೆನಪಿಟ್ಟುಕೊಳ್ಳಬೇಕು. ಮನೆಯಲ್ಲಿ ಪ್ರೆಶರ್ ಪಂಪ್ ಇದ್ದರೆ ಅದನ್ನು ಮೊದಲೇ ತಿಳಿಸಬೇಕು. ಸಾಮಾನ್ಯ ಗಾಜಿನ ಕೊಳವೆಯ ವ್ಯವಸ್ಥೆ ಆ ಒತ್ತಡವನ್ನು ತಾಳುವುದಿಲ್ಲ.

ಕೂರಿಸುವಾಗ ನೋಡಬೇಕಾದದ್ದು ಕೆಲವೇ ಸಂಗತಿ. ಮುಖ ದಕ್ಷಿಣಕ್ಕಿರಬೇಕು. ಬಿಸಿನೀರು ಹೆಚ್ಚು ಬೇಕಾಗುವ ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ, ಇಳಿಜಾರು ಊರಿನ ಅಕ್ಷಾಂಶಕ್ಕಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚಿರುವುದು ಲೇಸು. 13 ಡಿಗ್ರಿಯಲ್ಲಿರುವ ಬೆಂಗಳೂರು, ಮಂಗಳೂರು, ಹಾಸನಗಳಿಗೆ ಇದು ಸುಮಾರು 25 ಡಿಗ್ರಿ ಆಗುತ್ತದೆ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಮೇಲಿರಬೇಕು, ಸೋಲಾರ್ ಟ್ಯಾಂಕಿನಿಂದ ಗಾಳಿ, ಆವಿ ಹೊರಹೋಗಲು ಇರುವ ಗಾಳಿಕೊಳವೆಯ ತುದಿ ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತಲೂ ಎತ್ತರದಲ್ಲಿರಬೇಕು. ಇವೆರಡನ್ನು ಗಮನಿಸದೆ ಕೂರಿಸಿದ ಮೇಲೆ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಕಂಪನಿಯನ್ನು ದೂರಿ ಪ್ರಯೋಜನವಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಶಾಖವನ್ನು ತಿನ್ನುವುದು ತಾರಸಿಯಿಂದ ಬಚ್ಚಲಿನವರೆಗಿನ ಪೈಪು, ಮತ್ತು ಅದರ ಕಡೆಗೆ ಯಾರೂ ನೋಡುವುದಿಲ್ಲ. ಮುಕ್ಕಾಲು ಇಂಚಿನ ಪೈಪಿನ ಪ್ರತಿ ಮೀಟರಿನಲ್ಲಿ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. ನಮ್ಮ ಮನೆಯಲ್ಲಿ ಪ್ಲಂಬರ್ ತನ್ನ ಅನುಕೂಲ ನೋಡಿಕೊಂಡು ಪೈಪನ್ನು ತಾರಸಿಯ ಅಂಚನ್ನೆಲ್ಲ ಸುತ್ತಿಸಿ ಇಳಿಸಿದ್ದರಿಂದ ಅದರ ಉದ್ದ 20 ಮೀಟರ್ ದಾಟಿತ್ತು. ಬೆಳಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಐದು ಲೀಟರ್ ತಣ್ಣೀರು, ಬಿಸಿನೀರು ಆಮೇಲೆ. ಸ್ನಾನ ಮುಗಿದ ಮೇಲೆ ಪೈಪಿನಲ್ಲೇ ಉಳಿಯುವ ಐದು ಲೀಟರ್ ಬಿಸಿನೀರು ಗಾಳಿಗೆ ಆರಿಹೋಗುತ್ತದೆ, ಮುಂದಿನವರು ಒಂದು ಗಂಟೆ ತಡವಾಗಿ ಹೋದರೆ ಮತ್ತೆ ಅದೇ ಕಥೆ. ಈ ಕಾರಣಕ್ಕೆ ಮನೆ ಕಟ್ಟುವಾಗಲೇ ಬಚ್ಚಲುಮನೆಗಳನ್ನು ಒಂದರ ಮೇಲೊಂದು ಬರುವಂತೆ ಇಟ್ಟು ಪೈಪನ್ನು ನೇರವಾಗಿ ಇಳಿಸಬೇಕು. ಒತ್ತಡ ಸಾಕಷ್ಟಿರುವ ಕೆಳಗಿನ ಮಹಡಿಗೆ ಅರ್ಧ ಇಂಚಿನ ಪೈಪು ಸಾಲುತ್ತದೆ, ಅದರಲ್ಲಿ ನಿಲ್ಲುವ ನೀರು ಅರ್ಧದಷ್ಟು. ಬಿಸಿನೀರಿಗೆ ಸಾಮಾನ್ಯ ಪಿವಿಸಿ ಬೇಡ, ಅದು ಮೆತ್ತಗಾಗುತ್ತದೆ. ಸಿಪಿವಿಸಿ ಪೈಪನ್ನೇ ಹಾಕಿಸಿ, ಬಿಸಿಲಿಗೆ ಬಿದ್ದು ಪುಡಿಯಾಗದಂತಹ ಹೊದಿಕೆಯನ್ನು ಅದರ ಮೇಲೆ ಸುತ್ತಿಸಬೇಕು. ಮೊದಲು ಬರುವ ತಣ್ಣೀರನ್ನು ಬಕೆಟ್ಟಿಗೇ ಹಿಡಿದುಕೊಂಡರೆ ಕನಿಷ್ಠಪಕ್ಷ ನೀರು ಚರಂಡಿಗೆ ಹೋಗುವುದಿಲ್ಲ.

ಸೋಲಾರ್ ಇರುವ ಮನೆಯಲ್ಲಿ ಸ್ನಾನದ ಹೊತ್ತಿಗೂ ಲೆಕ್ಕವಿದೆ. ಬಿಸಿನೀರನ್ನು ತೆಗೆದಷ್ಟೂ ಟ್ಯಾಂಕಿನ ತಳಕ್ಕೆ ತಣ್ಣೀರು ಬಂದು ಸೇರುತ್ತದೆ. ಬೆಳಗ್ಗೆ ಬಳಸಿದರೆ ಆ ತಣ್ಣೀರನ್ನು ಕಾಯಿಸಲು ಇಡೀ ದಿನದ ಬಿಸಿಲು ಮುಂದಿರುತ್ತದೆ, ರಾತ್ರಿ ಬಳಸಿದರೆ ಬೆಳಗಿನವರಿಗೆ ಉಗುರುಬೆಚ್ಚಗಿನ ನೀರೇ ಗತಿ. ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲ್ಲನ್ನು ಸದಾ ಹಾಕಿಟ್ಟಿರುವವರು ಸೋಲಾರಿಗೆ ದುಡ್ಡು ಕೊಟ್ಟು ದೊಡ್ಡದೊಂದು ಗೀಸರನ್ನು ತಂದಂತೆಯೇ ಸರಿ. ಸಂಜೆ ಹೊತ್ತು ಬಂದ ತಣ್ಣೀರನ್ನು ಅದು ರಾತ್ರಿಯೆಲ್ಲ ಕಾಯಿಸುತ್ತ ಕೂರುತ್ತದೆ. ಮೋಡ ಕವಿದ ದಿನಗಳಿಗೆ ಬಚ್ಚಲಿನಲ್ಲೇ ಸಣ್ಣ ಗೀಸರೊಂದನ್ನು ಇಟ್ಟುಕೊಂಡು ತಾರಸಿಯ ಕಾಯಿಲ್ಲನ್ನು ಮರೆತುಬಿಡುವುದು ಉತ್ತಮ.

ಬಾಡಿಗೆ ಮನೆಯವರಿಗೆ, ಫ್ಲಾಟಿನವರಿಗೆ ಗೀಸರೇ ದಾರಿ. ಇದನ್ನು ಕೊಳ್ಳುವಾಗ ಎಲ್ಲರ ಕಣ್ಣೂ ನಕ್ಷತ್ರಗಳ ಮೇಲಿರುತ್ತದೆ. ಇಂಧನ ದಕ್ಷತಾ ಬ್ಯೂರೋ ಗೀಸರಿಗೆ ಕೊಡುವ ನಕ್ಷತ್ರ ಅಳೆಯುವುದು ನಿಂತ ನೀರು ದಿನವೊಂದರಲ್ಲಿ ಕಳೆದುಕೊಳ್ಳುವ ಶಾಖವನ್ನು. ನೀರು ಕಾಯಿಸುವ ಕೆಲಸದಲ್ಲಿ ಒಂದು ನಕ್ಷತ್ರದ್ದಕ್ಕೂ ಐದು ನಕ್ಷತ್ರದ್ದಕ್ಕೂ ವ್ಯತ್ಯಾಸವಿಲ್ಲವೆಂದೇ ಹೇಳಬಹುದು, ಏಕೆಂದರೆ ಕಾಯಿಲ್ಲಿಗೆ ಹೋದ ವಿದ್ಯುತ್ತೆಲ್ಲ ನೀರಿಗೇ ಸೇರುತ್ತದೆ. ಸ್ವಿಚ್ಚನ್ನು ದಿನವಿಡೀ ಹಾಕಿಡುವ ಮನೆಗೆ ಐದು ನಕ್ಷತ್ರ ನಿಜಕ್ಕೂ ಉಳಿಸುತ್ತದೆ. ಬೆಳಗ್ಗೆ ಒಂದು ಗಂಟೆ ಮಾತ್ರ ಹಾಕುವ ಮನೆಯಲ್ಲಿ ಆ ಉಳಿತಾಯ ಚಿಲ್ಲರೆ ಲೆಕ್ಕ.

ಅಲ್ಲಿ ದೊಡ್ಡ ಉಳಿತಾಯವಿರುವುದು ಸ್ವಿಚ್ಚಿನಲ್ಲಿ. 15 ಲೀಟರಿನ, 2 ಕಿಲೋವ್ಯಾಟ್ ಗೀಸರ್ 25 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು ಸುಮಾರು 18 ನಿಮಿಷ ಸಾಕು, ಹಾಗಾಗಿ ಒಂದು ಗಂಟೆ ಮುಂಚೆ ಹಾಕಿಡುವ ಅಗತ್ಯವಿಲ್ಲ. ಬಿಸಿನೀರು ಹೊರಬರುತ್ತಿದ್ದಂತೆ ಒಳಬರುವ ತಣ್ಣೀರನ್ನು ಗೀಸರ್ ಮತ್ತೆ ಕಾಯಿಸತೊಡಗುತ್ತದೆ. ಮನೆಯ ಕೊನೆಯವರು ಸ್ನಾನ ಮುಗಿಸಿ ಬಂದು ಸ್ವಿಚ್ ಆರಿಸುವ ಹೊತ್ತಿಗೆ ಯಾರಿಗೂ ಬೇಡದ ಬಿಸಿನೀರು ಒಳಗೆ ಸಿದ್ಧವಾಗಿರುತ್ತದೆ. ಅರ್ಧ ಯೂನಿಟ್ಟಿಗೂ ಮಿಕ್ಕಿದ ಆ ಶಾಖ ಮರುದಿನ ಬೆಳಗಿನೊಳಗೆ ಸಾಕಷ್ಟು ಆರಿರುತ್ತದೆ. ಆದ್ದರಿಂದ ಕೊನೆಯವರು ಬಚ್ಚಲಿಗೆ ಕಾಲಿಡುವ ಮುನ್ನವೇ ಆರಿಸುವುದು ವಾಡಿಕೆಯಾಗಬೇಕು. ಒಬ್ಬರಿಬ್ಬರಿಗೆ 10 ಲೀಟರ್, ನಾಲ್ವರಿಗೆ 15 ಲೀಟರ್ ಸಾಕು. 25 ಲೀಟರಿನದು ಷವರಿನವರಿಗೆ. ಉಷ್ಣತೆಯನ್ನು ಹೊಂದಿಸುವ ತಿರುಗಣೆಯನ್ನು 50ರಿಂದ 55 ಡಿಗ್ರಿಗೆ ಇಡಬಹುದು, ಆದರೆ ವಾರಗಟ್ಟಲೆ ಊರಿಗೆ ಹೋಗಿ ಬಂದಾಗ ನಿಂತ ನೀರನ್ನು ಒಮ್ಮೆ 60ಕ್ಕೆ ಕಾಯಿಸಿ ಆಮೇಲೆ ಬಳಸುವುದು ಆರೋಗ್ಯಕ್ಕೆ ಕ್ಷೇಮ. ಗಡಸು ನೀರಿನ ಊರಿನಲ್ಲಿ ವರ್ಷಕ್ಕೊಮ್ಮೆ ತೆಗೆಸಿ, ಕಾಯಿಲ್ಲಿನ ಮೇಲಿನ ಸುಣ್ಣವನ್ನು ಬಿಡಿಸಿ, ಟ್ಯಾಂಕಿನ ಬದಲು ತಾನು ಸವೆಯಲೆಂದೇ ಒಳಗಿರಿಸಿರುವ ಮೆಗ್ನೀಸಿಯಂ ಕಡ್ಡಿ ಎಷ್ಟು ಉಳಿದಿದೆ ಎಂದು ನೋಡಿಸಬೇಕು. ಆ ಕಡ್ಡಿ ಮುಗಿದರೆ ತುಕ್ಕು ಹಿಡಿಯುವ ಸರದಿ ಟ್ಯಾಂಕಿನದು.

ತಕ್ಷಣ ಕಾಯಿಸುವ 3 ಕಿಲೋವ್ಯಾಟ್ ಸಣ್ಣ ಗೀಸರ್ ಅಡುಗೆಮನೆಗೆ ಸರಿ. ನೀರನ್ನು 20 ಡಿಗ್ರಿ ಏರಿಸುವಾಗ ಅದು ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ ಕೊಡಬಲ್ಲುದರಿಂದ ಬಕೆಟ್ ತುಂಬಲು ಎಂಟು ನಿಮಿಷ ಕಾಯಬೇಕು. ಅದು 13 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಪ್ರತ್ಯೇಕ ಪಾಯಿಂಟೂ ಅದಕ್ಕೆ ತಕ್ಕ ವೈರೂ ಮಂಜೂರಾದ ಲೋಡೂ ಇವೆಯೇ ಎಂದು ನೋಡಿಯೇ ಹಾಕಿಸಬೇಕು.

ಗ್ಯಾಸ್ ಗೀಸರ್ ಖರ್ಚಿನಲ್ಲಿ ಕೆಟ್ಟದ್ದಲ್ಲ. 14.2 ಕಿಲೋ ಸಿಲಿಂಡರಿನಿಂದ ಹೆಚ್ಚುಕಡಿಮೆ 340 ಬಕೆಟ್ ನೀರು ಕಾಯುತ್ತದೆ. ಸಿಲಿಂಡರಿಗೆ 900 ರೂಪಾಯಿ ಹಿಡಿದರೆ ಬಕೆಟ್ಟಿಗೆ ಎರಡೂವರೆ ರೂಪಾಯಿಯ ಆಸುಪಾಸು, ಯೂನಿಟ್ಟಿಗೆ ಏಳು ರೂಪಾಯಿಯಂತೆ ವಿದ್ಯುತ್ತಿನಲ್ಲಿ ಮೂರು ರೂಪಾಯಿ. ಈ ಐವತ್ತು ಪೈಸೆಗಾಗಿ ಅದನ್ನು ಬಚ್ಚಲುಮನೆಯ ಒಳಗೆ ಹಾಕಿಸುವುದು ಪ್ರಾಣದ ಜೊತೆಗಿನ ಆಟ. ಮುಚ್ಚಿದ ಬಚ್ಚಲಿನಲ್ಲಿ ಉರಿಯುವ ಬರ್ನರ್ ಆಮ್ಲಜನಕವನ್ನು ಮುಗಿಸಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹೊರಬಿಡುತ್ತದೆ. ಸ್ನಾನಕ್ಕೆ ಹೋದವರು ಏನಾಯಿತೆಂದು ತಿಳಿಯುವ ಮೊದಲೇ ಕುಸಿಯುತ್ತಾರೆ. ಅದು ಗಾಳಿಯಾಡುವ ಬಾಲ್ಕನಿಯಲ್ಲಿ ಅಥವಾ ಹೊರಗೋಡೆಯಲ್ಲಿರಬೇಕು, ಒಳಗೆ ಪೈಪು ಮಾತ್ರ ಬರಬೇಕು. ಅದಕ್ಕೆ ಜಾಗವಿಲ್ಲದ ಮನೆಗೆ ಗ್ಯಾಸ್ ಗೀಸರ್ ಬೇಡವೇ ಬೇಡ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ.

ಹೀಟ್ ಪಂಪ್ ಎಂಬುದು ಫ್ರಿಜ್ಜಿನ ಕೆಲಸವನ್ನು ತಿರುಗುಮುರುಗಾಗಿ ಮಾಡುವ ಯಂತ್ರ. ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಸೇರಿಸುವುದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ಟಿನಷ್ಟು ಶಾಖ ಸಿಗುತ್ತದೆ. ನಮ್ಮಲ್ಲಿ ಚಳಿಗಾಲದಲ್ಲೂ ಗಾಳಿ ಬೆಚ್ಚಗಿರುವುದರಿಂದ, ಕರಾವಳಿಯಲ್ಲಂತೂ ತೇವವೂ ಕೂಡಿರುವುದರಿಂದ ಇದು ಚೆನ್ನಾಗಿ ಒದಗುತ್ತದೆ. ಬೆಲೆ ದುಬಾರಿಯಾದ್ದರಿಂದ ನಾಲ್ಕು ಬಕೆಟ್ಟಿನ ಮನೆಗೆ ಹಾಕಿದ ಹಣ ಬೇಗ ಹಿಂದಿರುಗದು. ಹತ್ತಾರು ಜನ ಸ್ನಾನ ಮಾಡುವ ಹಾಸ್ಟೆಲ್, ಹೋಂಸ್ಟೇ, ಕೂಡುಕುಟುಂಬಗಳಿಗೆ ಇದು ಹೇಳಿ ಮಾಡಿಸಿದ್ದು. ತಾರಸಿಯ ಮೇಲೆ ವಿದ್ಯುತ್ ತಯಾರಿಸುವ ಫಲಕ ಹಾಕಿಸಿಕೊಂಡವರು ನೀರು ಕಾಯಿಸುವ ಸೋಲಾರ್ ಇನ್ನೇಕೆ ಎನ್ನುವುದುಂಟು. ವಿದ್ಯುತ್ ಫಲಕ ಬಿಸಿಲಿನ ಐದನೆಯ ಒಂದು ಪಾಲನ್ನು ಮಾತ್ರ ಹಿಡಿಯುತ್ತದೆ, ನೀರಿನ ಫಲಕ ಅರ್ಧದಷ್ಟನ್ನು ಹಿಡಿಯಬಲ್ಲದು. ಜಾಗ ಕಡಿಮೆಯಿರುವ ತಾರಸಿಯಲ್ಲಿ ಗೀಸರಿಗಾಗಿ ವಿದ್ಯುತ್ ಬೆಳೆಯುವುದು ನಷ್ಟ, ಹೀಟ್ ಪಂಪಿಗಾಗಿ ಆದರೆ ಲೆಕ್ಕ ಸರಿಹೊಂದುತ್ತದೆ.

ಮಲೆನಾಡಿನವರಿಗೆ ಇದಾವುದೂ ಪೂರ್ತಿ ಅನ್ವಯಿಸುವುದಿಲ್ಲ. ಜೂನಿನಿಂದ ಆಗಸ್ಟಿನವರೆಗೆ ಬಿಸಿಲೇ ಕಾಣದ ಊರಿನಲ್ಲಿ, ತೋಟದಲ್ಲಿ ಸೋಗೆ, ಹಾಳೆ, ಅಡಿಕೆಸಿಪ್ಪೆ, ತೆಂಗಿನಮಟ್ಟೆ ರಾಶಿ ಬಿದ್ದಿರುವಾಗ ಹಂಡೆಯ ಒಲೆಯನ್ನು ಬಿಡಬೇಕಾಗಿಲ್ಲ, ಒಲೆಯನ್ನು ತಿದ್ದಬೇಕು. ಬಾಯಿ ತೆರೆದ ಹಳೆಯ ಒಲೆಯಲ್ಲಿ ಉರಿಯ ಶಾಖದ ದೊಡ್ಡ ಪಾಲು ಗೋಡೆಗೂ ಹೊಗೆಗೂ ಹೋಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಿಂದ ಬಂದ, ಸೌದೆ ಉಳಿಸುವ ಅಸ್ತ್ರ ಒಲೆ ಅಡುಗೆಮನೆಗೆ ಕಲಿಸಿದ ಪಾಠ ಬಚ್ಚಲಿಗೂ ಸಲ್ಲುತ್ತದೆ: ಸೌದೆ ಜಾಲರಿಯ ಮೇಲೆ ಉರಿಯಬೇಕು, ಗಾಳಿ ಕೆಳಗಿನಿಂದ ಬರಬೇಕು, ಹಂಡೆ ಕುತ್ತಿಗೆಯವರೆಗೆ ಒಲೆಯೊಳಗೆ ಇಳಿದಿದ್ದು ಉರಿ ಅದನ್ನು ಸುತ್ತಿ ಹೊಗೆಕೊಳವೆಗೆ ಹೋಗಬೇಕು. 100 ಲೀಟರಿನ ಹಂಡೆಯನ್ನು 20 ಡಿಗ್ರಿ ಏರಿಸಲು, ಏಳನೆಯ ಒಂದು ಪಾಲಿನಷ್ಟು ಶಾಖ ಮಾತ್ರ ನೀರಿಗೆ ಸೇರುವ ಒಲೆಯಲ್ಲಿ ಮೂರೂವರೆ ಕಿಲೋದಷ್ಟು ಒಣಸೌದೆ ಬೇಕಾದರೆ, ಮೂರನೆಯ ಒಂದು ಪಾಲು ಸೇರುವ ಒಲೆಯಲ್ಲಿ ಒಂದೂವರೆ ಕಿಲೋ ಸಾಕು. ಹಂಡೆಯ ಹೊರಮೈಯ ಮಸಿಯನ್ನು ಕೆರೆದು, ಮೇಲೆ ಮುಚ್ಚಳ ಹಾಕುವುದಕ್ಕೆ ದುಡ್ಡೇನೂ ಬೇಕಾಗಿಲ್ಲ.

ಬಕೆಟ್ಟಿಗೆ ಇಳಿಬಿಡುವ ವಿದ್ಯುತ್ ರಾಡ್ ದಕ್ಷತೆಯಲ್ಲಿ ಯಾವ ಗೀಸರಿಗೂ ಕಡಿಮೆಯಿಲ್ಲ. ಕಾಯಿಸಿದ ನೀರೆಲ್ಲ ಬಳಕೆಯಾಗುತ್ತದೆ, ಪೈಪಿನ ನಷ್ಟವೂ ಇಲ್ಲ. 1.5 ಕಿಲೋವ್ಯಾಟಿನದು ಹದಿನೇಳು ನಿಮಿಷದಲ್ಲಿ ಬಕೆಟ್ಟನ್ನು ಹದಕ್ಕೆ ತರುತ್ತದೆ. ಅಪಾಯ ಮಾತ್ರ ದೊಡ್ಡದು. ನೀರಿನಲ್ಲಿ ಇಳಿಸಿದ ಮೇಲೆ ಸ್ವಿಚ್ ಹಾಕಬೇಕು, ಸ್ವಿಚ್ ಆರಿಸಿ ಪ್ಲಗ್ಗನ್ನೂ ಕಿತ್ತ ಮೇಲೆ ನೀರು ಮುಟ್ಟಬೇಕು, ಮಕ್ಕಳಿರುವ ಮನೆಯಲ್ಲಿ ಇದನ್ನು ಇಡಲೇಬಾರದು. ರಾಡ್ ಇರಲಿ, ಗೀಸರ್ ಇರಲಿ, 30 ಮಿಲಿಆಂಪಿಯರ್ ವಿದ್ಯುತ್ ಸೋರಿದರೂ ತಾನಾಗಿ ಬಿದ್ದು ಸಂಪರ್ಕವನ್ನು ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಮನೆಯ ಬೋರ್ಡಿನಲ್ಲಿ ಇರಲೇಬೇಕು. ಅದರ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು.

ನಿಮ್ಮ ಮನೆಯ ಗೀಸರ್ ಬಕೆಟ್ಟಿಗೆ ಎಷ್ಟು ತಿನ್ನುತ್ತಿದೆ ಎಂದು ತಿಳಿಯಲು ಒಂದು ವಾರ ಸಾಕು. ಬೆಳಗ್ಗೆ ಗೀಸರ್ ಹಾಕುವ ಮುನ್ನ ಮೀಟರಿನ ಅಂಕಿಯನ್ನು ಬರೆದುಕೊಂಡು, ಫ್ರಿಜ್ಜನ್ನು ಆ ಹೊತ್ತಿಗೆ ಆರಿಸಿ, ಎಲ್ಲರ ಸ್ನಾನ ಮುಗಿದು ಸ್ವಿಚ್ ಆರಿದ ಮೇಲೆ ಮತ್ತೊಮ್ಮೆ ಬರೆದುಕೊಳ್ಳಿ. ವಾರದ ವ್ಯತ್ಯಾಸಗಳನ್ನು ಕೂಡಿಸಿ ಬಕೆಟ್ಟುಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅಂಕಿ 0.45ರ ಹತ್ತಿರವಿದ್ದರೆ ಹೊಸ ಗೀಸರ್ ಕೊಳ್ಳುವ ಯೋಚನೆ ಬಿಡಬಹುದು; 0.7 ದಾಟಿದ್ದರೆ ಮೊದಲು ಸ್ವಿಚ್ ಆರಿಸುವ ಹೊತ್ತನ್ನೂ ಆಮೇಲೆ ಪೈಪನ್ನೂ ನೋಡಿ.