ತರಕಾರಿ ಪಾಲು: ಚೀಲ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಕಾಸರಗೋಡಿನ ಬದಿಯಡ್ಕ, ಪೆರ್ಲ ಪೇಟೆಯ ತರಕಾರಿ ಅಂಗಡಿಗೆ ಯಾವ ತಿಂಗಳಲ್ಲಿ ಹೋದರೂ ಅದೇ ಟೊಮೆಟೊ, ಬಟಾಟೆ, ಕ್ಯಾಬೇಜು, ಬೀನ್ಸು. ಎರಡು ಮೈಲಿ ಆಚೆಯ ಅಡಿಕೆ ತೋಟದ ಬದಿಯಲ್ಲಿ ಜೀಗುಜ್ಜೆ, ಮಾಡಹಾಗಲ, ಚಕ್ರಮುನಿ ಬೆಳೆದು ಅಲ್ಲೇ ಮುಗಿಯುತ್ತವೆ. ಇವು ನಮ್ಮ ಅಡುಗೆಮನೆಗೆ ಬರಬೇಕಾದರೆ ಕೃಷಿಕರೊಬ್ಬರಿಗೆ ಮೊದಲೇ ಹಣ ಕೊಟ್ಟು, ವಾರಕ್ಕೊಮ್ಮೆ ತೋಟದಲ್ಲಿ ಆದದ್ದರ ಪಾಲು ತೆಗೆದುಕೊಳ್ಳುವುದು ಸುಲಭದ ದಾರಿ. ಜಪಾನಿನ ಗೃಹಿಣಿಯರು 1970ರ ದಶಕದಲ್ಲೇ ಹೀಗೆ ಮಾಡಿದ್ದರು.

ಮೊದಲು ಮಾತುಕತೆ

ಒಂದೇ ದಾರಿಯಲ್ಲಿರುವ ಐದಾರು ಮನೆಯವರು ಸೇರಿ. ವರ್ಷಕ್ಕೆಲ್ಲ ಒಪ್ಪಿಕೊಳ್ಳಬೇಡಿ, ಎರಡು ತಿಂಗಳು ನೋಡಿ. ಯಾವ ದಿನ, ಸುಮಾರು ಎಷ್ಟು ಕಿಲೋ, ಮಳೆಗೆ ಬೆಳೆ ಕೊಳೆತರೆ ಏನು ಲೆಕ್ಕ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಏನು ಸಿಂಪಡಿಸುತ್ತೀರಿ ಎಂದು ಕೇಳಲು ಸಂಕೋಚ ಬೇಡ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಊರು ಇದು. ಈ ಪ್ರಶ್ನೆಗೆ ಇಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ.

ಚೀಲ ತಂದವರನ್ನು ಎರಡು ನಿಮಿಷ ನಿಲ್ಲಿಸಿ

ಹೆಸರು ಕೇಳಿ, ಯಾವ ಭಾಗ ತಿನ್ನುವುದು ಕೇಳಿ, ಅವರ ಮನೆಯಲ್ಲಿ ಏನು ಮಾಡುತ್ತಾರೆ ಎಂದೂ ಕೇಳಿ. ನಮ್ಮಲ್ಲಿ ಒಂದೇ ಕಾಯಿಗೆ ಮೂರು ಹೆಸರು. ನಾವು ಜೀಗುಜ್ಜೆ ಅನ್ನುವುದು ಕೆಲವರಿಗೆ ದೀವಿಹಲಸು, ಮಲಯಾಳದವರಿಗೆ ಕಡಚಕ್ಕ. ಕೆಸು ಅವರಿಗೆ ಚೇಂಬು, ತುಳುವರಿಗೆ ತೇವು. ಮೂರನ್ನೂ ಬರೆದಿಟ್ಟರೆ ಪಕ್ಕದ ಮನೆಯಲ್ಲಿ ವಿಚಾರಿಸಲು ಸುಲಭ.

ಮೊದಲ ಸಲ ಜೀಗುಜ್ಜೆ ಬಂದಾಗ ನಾನು ಏನೂ ಕೇಳದೆ ನಾಲ್ಕು ದಿನ ಬುಟ್ಟಿಯಲ್ಲಿಟ್ಟೆ. ಹಣ್ಣಾಗಿ ಮೆತ್ತಗಾಗಿ ಕೂತಿತು. ಅದನ್ನು ಬಲಿತು ಗಟ್ಟಿಯಾಗಿರುವಾಗಲೇ ಮುಗಿಸಬೇಕು. ಕತ್ತಿಗೆ, ಕೈಗೆ ತೆಂಗಿನೆಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲ. ಸಿಪ್ಪೆ ಹೆರೆದು, ನಡುವಿನ ಗೂಂಜು ತೆಗೆದು, ಹೋಳುಗಳನ್ನು ಮಜ್ಜಿಗೆ ಬೆರೆಸಿದ ನೀರಿಗೆ ಹಾಕಿ; ಹೊರಗಿಟ್ಟರೆ ಕಪ್ಪಾಗುತ್ತದೆ. ತೆಳ್ಳಗೆ ಹೆಚ್ಚಿ ಕಡಲೆಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದರೆ ಮಕ್ಕಳು ಹೆಸರು ಕೇಳುವ ಮೊದಲೇ ತಟ್ಟೆ ಖಾಲಿ.

ಯಾವುದು ಮೊದಲು

ಸೊಪ್ಪು ಅದೇ ದಿನ. ತೊಂಡೆ, ಅಲಸಂಡೆ ಮರುದಿನ. ಮಂಗಳೂರು ಸೌತೆ, ಸುವರ್ಣಗಡ್ಡೆ ಕಾಯುತ್ತವೆ.

ತುರಿಸುವುದಕ್ಕೆ ಹುಳಿ

ಮಳೆಗಾಲದ ಆಟಿ ತಿಂಗಳ ಚೀಲದಲ್ಲಿ ಕೆಸುವಿನ ಎಲೆ, ದಂಟು ತಪ್ಪಿದ್ದಲ್ಲ. ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ಗಂಟಲು ತುರಿಸಲು ಕಾರಣ. ಒದ್ದೆ ಕೈಯಲ್ಲಿ ಹೆಚ್ಚಬೇಡಿ. ಹುಣಸೆಯನ್ನೋ ಬಿಂಬುಳಿಯನ್ನೋ ಧಾರಾಳ ಹಾಕಿ, ಅರೆಬೆಂದದ್ದರ ರುಚಿ ನೋಡದೆ ಚೆನ್ನಾಗಿ ಬೇಯಿಸಿ. ಆತುರಕ್ಕೆ ಬಿದ್ದ ನಮ್ಮಲ್ಲಿ ಒಂದು ಸಲ ಊಟದ ನಡುವೆ ಮೂವರೂ ಮೊಸರಿಗೆ ಓಡಿದ್ದುಂಟು.

ಚಕ್ರಮುನಿ ಸೊಪ್ಪಿನದು ಬೇರೆ ಎಚ್ಚರಿಕೆ. ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಜೊತೆ ಅರೆದು ತಂಬುಳಿ ಮಾಡಿದರೆ ಬಹಳ ರುಚಿ. ಹಸಿ ರಸ ಮಾತ್ರ ಬೇಡ. ತೈವಾನಿನಲ್ಲಿ 1990ರ ದಶಕದಲ್ಲಿ ತೂಕ ಇಳಿಸಲೆಂದು ಅದನ್ನು ದಿನವೂ ಕುಡಿದ ಹಲವರ ಶ್ವಾಸಕೋಶವೇ ಕೆಟ್ಟಿತ್ತು.

ಏನು ಮಾಡುವುದೆಂದೇ ತೋಚದಿದ್ದರೆ

ಕಾಯಿಯಾದರೆ ಮೇಲಾರ, ಸೊಪ್ಪಾದರೆ ತಂಬುಳಿ. ತೆಂಗಿನಕಾಯಿ, ಮಜ್ಜಿಗೆ ಸೇರಿದರೆ ಹೊಸ ರುಚಿಯೂ ನಾಲಿಗೆಗೆ ಪರಿಚಿತವಾಗುತ್ತದೆ. ಮೊದಲ ಸಲಕ್ಕೆ ಮಸಾಲೆ ಬೇಡ. ಮಾಡಹಾಗಲದ ರುಚಿ ಏನೆಂದು ತಿಳಿಯುವ ಮೊದಲೇ ಅದನ್ನು ಮೆಣಸಿನಪುಡಿಯಲ್ಲಿ ಮುಳುಗಿಸುವುದು ಅನ್ಯಾಯ.

ಎರಡು ಸಲ ಮಾಡಿಯೂ ಸೇರದಿದ್ದರೆ ಬಲವಂತ ಬೇಡ. ಪಾಲುದಾರರಲ್ಲಿ ಒಬ್ಬರ ಜಗಲಿಯಲ್ಲಿ ಒಂದು ಬುಟ್ಟಿ ಇಡಿ. ಬೇಡವಾದದ್ದನ್ನು ಅದರಲ್ಲಿ ಹಾಕಿ, ಬೇಕಾದದ್ದನ್ನು ಎತ್ತಿಕೊಳ್ಳಿ. ನಮ್ಮ ಬುಟ್ಟಿಯಲ್ಲಿ ಸಂಜೆಯವರೆಗೂ ಉಳಿಯುವುದು ಹಾಗಲಕಾಯಿ. ಬಾಳೆ ಪೂಂಬೆ (ಬಾಳೆಹೂ) ಹಾಕಿ ಬೆನ್ನು ತಿರುಗಿಸುವುದರೊಳಗೆ ಮಾಯ.